ಹೈಟಿಯ ಮಳೆ, ಬೆಳೆ, ಹಸಿವು ಹೇಳುವ ಫ್ಯೂಸ್‌ನೆಟ್: ಬರಕ್ಕೆ ನಂಬಬಹುದು, ನೆರೆಗೆ ಸಾಲದು

ಪುಣೆಯಲ್ಲಿ ಬೆಳೆ ವಿಮೆ, ಕೃಷಿ ದತ್ತಾಂಶ, ಉಪಗ್ರಹ ಚಿತ್ರಗಳ ಕೆಲಸದಲ್ಲಿರುವ ಕನ್ನಡಿಗರಿಗೆ ಚಿರ್ಪ್ಸ್ ಎಂಬ ಉಪಗ್ರಹ ಆಧಾರಿತ ಮಳೆ ದತ್ತಾಂಶದ ಹೆಸರು ಹೊಸದಲ್ಲ. ಕಲಬುರಗಿಯ ತೊಗರಿಗೋ ವಿಜಯಪುರದ ಜೋಳಕ್ಕೋ ಮಳೆಯ ಲೆಕ್ಕ ಹಾಕುವಾಗ ಕೈಗೆ ಮೊದಲು ಸಿಗುವ ಉಚಿತ ದತ್ತಾಂಶ ಅದೇ. ಆದರೆ ಚಿರ್ಪ್ಸ್ ತಯಾರಾದದ್ದು ಫ್ಯೂಸ್‌ನೆಟ್ ಎಂಬ ಹಸಿವಿನ ಮುನ್ನೆಚ್ಚರಿಕೆ ಸೇವೆಯ ಅಗತ್ಯಕ್ಕಾಗಿ. ಆ ಸೇವೆಯನ್ನು ತೂಗಿ ನೋಡಲು ಕೆರಿಬಿಯನ್ನಿನ ಹೈಟಿಗಿಂತ ಕಠಿಣ ಪರೀಕ್ಷೆ ಸಿಗುವುದು ಕಷ್ಟ. ಹಿಸ್ಪಾನಿಯೋಲಾ ದ್ವೀಪದ ಪಶ್ಚಿಮ ಭಾಗದ ಈ ದೇಶದ ವಿಸ್ತೀರ್ಣ 27,750 ಚದರ ಕಿ.ಮೀ., ಅಂದರೆ ಗೋವಾದ ಏಳೂವರೆ ಪಟ್ಟು. ಅಷ್ಟರೊಳಗೆ 2,680 ಮೀಟರಿನ ಪಿಕ್ ಲಾ ಸೆಲ್ ಶಿಖರವಿದೆ, ಪಾಪಾಸುಕಳ್ಳಿ ಬೆಳೆಯುವ ಒಣನೆಲವಿದೆ, ಎರಡು ಮಳೆಗಾಲಗಳಿವೆ, ಹರಿಕೇನ್‌ಗಳಿವೆ, ಎಲ್ ನಿನೊ ಬರವಿದೆ. ಬೆಳೆಗಳೂ ನಮಗೆ ಗುರುತಿನವೇ: ಮೆಕ್ಕೆಜೋಳ, ಬಿಳಿಜೋಳ, ತೊಗರಿ, ಬೀನ್ಸ್ ಕಾಳು, ಭತ್ತ, ಬಾಳೆ, ಮರಗೆಣಸು, ಜೀಗುಜ್ಜೆ.

ಸೇವೆಯಲ್ಲಿ ಏನೇನು ಸಿಗುತ್ತದೆ ಎಂಬುದನ್ನು ಮೊದಲು ಹೇಳಿಬಿಡೋಣ. ಫ್ಯೂಸ್‌ನೆಟ್ಟನ್ನು ಅಮೆರಿಕದ ವಿದೇಶಿ ನೆರವು ಸಂಸ್ಥೆ ಯುಎಸ್‌ಏಡ್ 1985ರಲ್ಲಿ, ಇಥಿಯೋಪಿಯಾದ ಕ್ಷಾಮದ ನಂತರ ಆರಂಭಿಸಿತು. ಹೈಟಿಗೆ ಮುಂದಿನ ಎಂಟು ತಿಂಗಳ ಮುನ್ನೋಟದ ವರದಿ, ಅದರ ನಡುವೆ ಬರುವ ಪರಿಷ್ಕರಣೆಗಳು, ಮಳೆಗಾಲದ ಸ್ಥಿತಿಯ ಟಿಪ್ಪಣಿ, ಮಾರುಕಟ್ಟೆ ಬೆಲೆಗಳು, ಜೀವನೋಪಾಯದ ವಲಯಗಳ ನಕ್ಷೆ, ಇವಿಷ್ಟು ಸಿಗುತ್ತವೆ. ಎಂಟು ತಿಂಗಳನ್ನು ನಾಲ್ಕು ನಾಲ್ಕಾಗಿ ಒಡೆದು ಎರಡು ನಕ್ಷೆ ಕೊಡುತ್ತಾರೆ. ಬಣ್ಣಗಳು ಹಸಿವಿನ ತೀವ್ರತೆ ಅಳೆಯುವ ಐಪಿಸಿ ಎಂಬ ಐದು ಹಂತದ ಅಳತೆಗೋಲಿನವು: ಮೂರನೆಯದು ಬಿಕ್ಕಟ್ಟು, ನಾಲ್ಕನೆಯದು ತುರ್ತು, ಐದನೆಯದು ಕ್ಷಾಮ. ನಕ್ಷೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ನಿಂತು ಓದಿ. ನೆರವು ಬರದಿದ್ದರೆ ಆ ಪ್ರದೇಶ ಕನಿಷ್ಠ ಒಂದು ಹಂತ ಹೆಚ್ಚು ಕೆಟ್ಟ ಸ್ಥಿತಿಗೆ ಜಾರುತ್ತಿತ್ತು ಎಂಬುದು ಅದರ ಅರ್ಥ. ಬಣ್ಣವಷ್ಟನ್ನೇ ನೋಡಿ ಚಿಹ್ನೆ ಬಿಟ್ಟರೆ, ಹೊರಗಿನ ಅಕ್ಕಿಯಿಂದ ಉಸಿರಾಡುತ್ತಿರುವ ಜಿಲ್ಲೆಯನ್ನು ಬೆಳೆ ಚೆನ್ನಾಗಿರುವ ಜಿಲ್ಲೆ ಎಂದು ತಪ್ಪಾಗಿ ಓದಿಬಿಡುತ್ತೇವೆ.

ಇನ್ನೊಂದು ಗೊಂದಲವಿದೆ. ಹೈಟಿಯ ರಾಷ್ಟ್ರೀಯ ಆಹಾರ ಭದ್ರತಾ ಸಂಸ್ಥೆ ಸಿಎನ್‌ಎಸ್‌ಎ ಇತರರ ಜೊತೆ ಕೂತು ಐಪಿಸಿ ಅಂದಾಜು ಹೊರಡಿಸುತ್ತದೆ. ಫ್ಯೂಸ್‌ನೆಟ್ ಬಳಸುವುದು ಅದೇ ಬಣ್ಣ, ಅದೇ ಹಂತ, ಆದರೆ ವಿಶ್ಲೇಷಣೆ ಅದರದೇ. ಹಾಗಾಗಿ ಒಂದೇ ತಿಂಗಳಲ್ಲಿ ಎರಡು ನಕ್ಷೆಗಳು ಬೇರೆ ಬೇರೆ ಹೇಳಬಹುದು. ಜನಸಂಖ್ಯೆಯ ಅಂಕಿ ಬೇಕಾದಾಗ ಸಿಎನ್‌ಎಸ್‌ಎ ಸೇರಿದ ಐಪಿಸಿ ಲೆಕ್ಕವನ್ನೇ ಉಲ್ಲೇಖಿಸಿ: ಮೂರನೆಯ ಹಂತ ಮತ್ತು ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದವರು 2025ರ ಮಾರ್ಚ್–ಜೂನ್‌ನಲ್ಲಿ ಸುಮಾರು 57 ಲಕ್ಷ, 2026ರ ಮಾರ್ಚ್–ಜೂನ್‌ಗೆ ಹಾಕಿದ ಅಂದಾಜು ಸುಮಾರು 59 ಲಕ್ಷ. ಅದು ದೇಶದ ಜನರಲ್ಲಿ ಅರ್ಧದಷ್ಟು. ಏಕೆ ಹೀಗಾಯಿತು, ಮುಂದೆ ಯಾವ ಕಡೆ ವಾಲುತ್ತದೆ ಎಂಬ ವಿವರಣೆಗೆ ಫ್ಯೂಸ್‌ನೆಟ್ ವರದಿಯೇ ವಾಸಿ.

ಈಗ ಮಳೆಯ ಭಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಹೈಟಿಯ ಮುಂಗಾರು ಏಪ್ರಿಲ್‌ನಿಂದ ಜೂನ್. ಜುಲೈ ಸುಮಾರಿಗೆ ಮಳೆ ಬಿಡುವು ಕೊಡುತ್ತದೆ. ಆಗಸ್ಟ್‌ನಿಂದ ಅಕ್ಟೋಬರ್–ನವೆಂಬರ್‌ವರೆಗೆ ಎರಡನೆಯ ಮಳೆಗಾಲ. ವರ್ಷದ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಮೊದಲನೆಯದರಿಂದ. ಮಾರ್ಚ್‌ನಿಂದ ಜೂನ್‌ವರೆಗೆ ಕಣಜ ಬರಿದು. ಅಂದರೆ ಹೊಲಕ್ಕೆ ಬೀಜ ಹಾಕುವ ಹೊತ್ತಿನಲ್ಲೇ ಮನೆಯಲ್ಲಿ ಕಾಳಿರುವುದಿಲ್ಲ. ಏಪ್ರಿಲ್ ಮಳೆ ಹದಿನೈದು ದಿನ ತಡವಾದರೆ ಹಸಿವಿನ ದಿನಗಳೂ ಅಷ್ಟೇ ಉದ್ದವಾಗುತ್ತವೆ, ಬಿತ್ತನೆಗೆಂದು ತೆಗೆದಿಟ್ಟ ಕಾಳು ಒಲೆಯ ಮೇಲೆ ಹೋಗುತ್ತದೆ. ಋತುವಿನ ಒಟ್ಟು ಮಳೆಗಿಂತ ಅದು ಆರಂಭವಾದ ದಿನಾಂಕ ಮುಖ್ಯವಾಗುವುದು ಇದಕ್ಕೇ. ಫ್ಯೂಸ್‌ನೆಟ್ ಆರಂಭವನ್ನು ಹತ್ತು ದಿನಗಳ ಕಂತಿನಲ್ಲಿ ಲೆಕ್ಕ ಹಾಕುತ್ತದೆ: ಒಂದು ಕಂತಿನಲ್ಲಿ ಕನಿಷ್ಠ 25 ಮಿ.ಮೀ., ಮುಂದಿನ ಎರಡು ಕಂತುಗಳಲ್ಲಿ ಕೂಡಿ ಕನಿಷ್ಠ 20 ಮಿ.ಮೀ. ಬಿದ್ದರೆ ಬಿತ್ತನೆಯ ಹದ ಬಂತು ಎಂದರ್ಥ. ಈ ನಿಯಮದ ಎರಡನೆಯ ಅರ್ಧವೇ ಅದರ ಜೀವಾಳ. ಮೊದಲ ಮಳೆಗೆ ಮೊಳೆತ ಪೈರು ಆಮೇಲೆ ಇಪ್ಪತ್ತು ದಿನ ನೀರಿಲ್ಲದೆ ಒಣಗಿದರೆ, ರೈತ ಎರಡನೆಯ ಸಲ ಬೀಜ ಕೊಳ್ಳಬೇಕು. ಆ ಹೊತ್ತಿಗೆ ಬೀಜದ ಬೆಲೆಯೂ ಏರಿರುತ್ತದೆ.

ಅರ್ಲಿ ವಾರ್ನಿಂಗ್ ಎಕ್ಸ್‌ಪ್ಲೋರರ್ ಎಂಬ ಉಚಿತ ಉಪಕರಣದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ದತ್ತಾಂಶದಲ್ಲಿ ಚಿರ್ಪ್ಸ್ ಆರಿಸಿ, ಅವಧಿಯಲ್ಲಿ ಹತ್ತು ದಿನದ ಕಂತು, ಗಡಿಯಲ್ಲಿ ಹೈಟಿಯ ಜಿಲ್ಲೆ ಆರಿಸಿದರೆ ಈ ವರ್ಷದ ಮಳೆಯ ಗೆರೆ ಸರಾಸರಿಯ ಗೆರೆಯ ಪಕ್ಕದಲ್ಲೇ ಮೂಡುತ್ತದೆ. ಶೇಕಡಾವಾರು ನಕ್ಷೆಯಿಂದ ಶುರು ಮಾಡಬೇಡಿ. ಉದಾಹರಣೆಗೆ ವಾಯವ್ಯದ ಒಣ ಜಿಲ್ಲೆಯಲ್ಲಿ ಕಂತಿನ ವಾಡಿಕೆ ಮಳೆ 12 ಮಿ.ಮೀ. ಇದ್ದು, 18 ಬಿದ್ದರೆ ನಕ್ಷೆ ಶೇ. 150 ಎಂದು ಕಡುನೀಲಿ ತೋರಿಸುತ್ತದೆ. ಬಿತ್ತಲು ಆ ನೀರು ಸಾಲದು. ನೈರುತ್ಯದ ಗ್ರಾಂಡಾನ್ಸ್ ಜಿಲ್ಲೆಯ ತೇವದ ಬೆಟ್ಟಗಳಲ್ಲಿ ವಾಡಿಕೆ 90 ಇದ್ದು, 68 ಬಿದ್ದರೆ ಕಂದು ಬಣ್ಣ. ಪೈರಿಗೆ ಅಷ್ಟು ಧಾರಾಳ. ಮೊದಲು ಮಿಲಿಮೀಟರ್, ಆಮೇಲೆ ವ್ಯತ್ಯಾಸ, ಕೊನೆಗೆ ಶೇಕಡಾ, ಈ ಕ್ರಮದಲ್ಲಿ ನೋಡಿದರೆ ಮೋಸ ಹೋಗುವುದಿಲ್ಲ. ಸರಾಸರಿ ಯಾವ ಅವಧಿಯದು ಎಂಬುದನ್ನೂ ನಕ್ಷೆಯ ಕೆಳಗಿನ ಟಿಪ್ಪಣಿಯಲ್ಲಿ ಒಮ್ಮೆ ಓದಿಕೊಳ್ಳಿ. 1981–2010 ಮತ್ತು 1991–2020 ಎರಡನ್ನೂ ಬೆರೆಸಿ ಹೋಲಿಸಿದರೆ ಇಲ್ಲದ ಬದಲಾವಣೆ ಕಾಣಿಸುತ್ತದೆ.

ತಿಂಗಳ ಮೊತ್ತವೂ ಹೀಗೆಯೇ ಕೈಕೊಡುತ್ತದೆ. ಮೇ ತಿಂಗಳಲ್ಲಿ 120 ಮಿ.ಮೀ. ಎಂದರೆ ಕೇಳಲು ಚೆನ್ನ. ಅದು ನಲವತ್ತು ನಲವತ್ತಾಗಿ ಮೂರು ಕಂತಿನಲ್ಲಿ ಬಂತೋ, ಮೊದಲ ಐದು ದಿನದಲ್ಲೇ ಸುರಿದು ಹೋಯಿತೋ ನೋಡಬೇಕು. ಏಪ್ರಿಲ್ ಮೊದಲಲ್ಲಿ ಬಿತ್ತಿದ ಬೀನ್ಸ್ ಹೂ ಬಿಡುವುದು ಮೇ ಮಧ್ಯದ ಆಸುಪಾಸು. ಆಗ ನೀರು ತಪ್ಪಿದರೆ ಹೂ ಉದುರುತ್ತದೆ, ಗಿಡ ಹಸಿರಾಗಿಯೇ ಇದ್ದರೂ ಕಾಯಿ ಕಟ್ಟುವುದಿಲ್ಲ. ಮೆಕ್ಕೆಜೋಳಕ್ಕೆ ಸೂಲಂಗಿ ಹೊರಡುವ ಎರಡು ವಾರ ನಿರ್ಣಾಯಕ. ತೊಗರಿ ಮತ್ತು ಜೋಳ ತಡೆದುಕೊಳ್ಳುತ್ತವೆ, ಒಣ ಪ್ರದೇಶದ ರೈತರು ಅವನ್ನು ನೆಚ್ಚಿಕೊಂಡಿರುವುದು ಅದಕ್ಕೇ. ಆದರೆ ಕಳೆದ ದಶಕದಲ್ಲಿ ಕಬ್ಬಿನ ಹೇನು ಎಂಬ ಕೀಟ ಜೋಳಕ್ಕೂ ತಗುಲಿ ಆ ಆಸರೆಯನ್ನೂ ಅಲುಗಾಡಿಸಿತು. ಇಂಥದ್ದು ಮಳೆ ನಕ್ಷೆಯಲ್ಲಿ ಕಾಣುವುದಿಲ್ಲ, ವರದಿಯ ಪಠ್ಯ ಓದಬೇಕು.

ಬೆಳೆಗೆ ಬೇಕಾದ ನೀರಿನಲ್ಲಿ ಎಷ್ಟು ಪಾಲು ಸಿಕ್ಕಿತು ಎಂದು ಹೇಳುವ ಸೂಚ್ಯಂಕವೂ ಇದೆ, ಅದರ ಹೆಸರು ಡಬ್ಲ್ಯುಆರ್‌ಎಸ್‌ಐ. ನೂರರಲ್ಲಿ 80ರ ಮೇಲಿದ್ದರೆ ಪರವಾಗಿಲ್ಲ, 50ರ ಕೆಳಗೆ ಹೋದರೆ ಬೆಳೆ ಕೈಬಿಟ್ಟಂತೆ. ಬೆಳೆ ವಿಮೆಯ ಕೆಲಸದಲ್ಲಿರುವವರು ಇದನ್ನು ಕಲಿಯಲೇಬೇಕು. ಬರೀ ಮಳೆಯ ಕೊರತೆಗಿಂತ ಇಳುವರಿಗೆ ಇದು ಹತ್ತಿರ. ಆದರೆ ಇದು ನೀರಿನ ಕೊರತೆಯನ್ನಷ್ಟೇ ಎಣಿಸುತ್ತದೆ. ಹೊಲ ಕೊಚ್ಚಿಹೋದರೂ, ಬೇರು ಕೊಳೆತರೂ ಸೂಚ್ಯಂಕ 100 ತೋರಿಸುತ್ತಾ ಕೂತಿರಬಹುದು.

ನೆಲದ ಮೇಲಿನ ಗಿಡಮರಗಳ ಹಸಿರನ್ನು ಉಪಗ್ರಹದಿಂದ ಅಳೆದು ತೋರಿಸುವ ನಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಹೈಟಿಯ ಗುಡ್ಡಗಳಲ್ಲಿ ಮಾವು, ಕಾಫಿ, ಬಾಳೆ, ಜೀಗುಜ್ಜೆಯ ನಡುವೆಯೇ ಕಾಳು ಬಿತ್ತುತ್ತಾರೆ. ಕಾಳು ಒಣಗಿದರೂ ಮರಗಳು ಹಸಿರಾಗಿರುತ್ತವೆ, ಉಪಗ್ರಹಕ್ಕೆ ಎಲ್ಲವೂ ಒಂದೇ. ತದ್ವಿರುದ್ಧವೂ ಉಂಟು. 2016ರ ಅಕ್ಟೋಬರ್ 4ರಂದು ಮ್ಯಾಥ್ಯೂ ನಾಲ್ಕನೆಯ ದರ್ಜೆಯ ಹರಿಕೇನ್ ಆಗಿ ನೈರುತ್ಯ ಮೂಲೆಗೆ ಅಪ್ಪಳಿಸಿದಾಗ ಗ್ರಾಂಡಾನ್ಸ್‌ನ ಬೆಟ್ಟಗಳು ಬೋಳಾದವು. ಅಂಥ ಕಡೆ ಕೆಲವೇ ತಿಂಗಳಲ್ಲಿ ಕಳೆ, ಪೊದೆ ಚಿಗುರಿ ನಕ್ಷೆ ಮತ್ತೆ ಹಸಿರಾಗುತ್ತದೆ. ಬುಡಮೇಲಾದ ಜೀಗುಜ್ಜೆ ಮರ ಮತ್ತೆ ಕಾಯಿ ಬಿಡಲು ವರ್ಷಗಳೇ ಬೇಕು. ಕರಾವಳಿಯ ಹಿತ್ತಿಲುಗಳಲ್ಲಿ ಜೀಗುಜ್ಜೆ ಬೆಳೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನೆರೆ. ಈ ಸೇವೆಯ ದುರ್ಬಲ ಜಾಗ ಇದೇ, ಮತ್ತು ಅದಕ್ಕೆ ಕಾರಣ ದತ್ತಾಂಶದ ಹುಟ್ಟಿನಲ್ಲೇ ಇದೆ. ಚಿರ್ಪ್ಸ್ ಮೋಡದ ತುದಿ ಎಷ್ಟು ತಣ್ಣಗಿದೆ, ಎಷ್ಟು ಹೊತ್ತು ಹಾಗಿತ್ತು ಎಂಬುದನ್ನು ಅತಿಗೆಂಪು ಚಿತ್ರದಲ್ಲಿ ನೋಡಿ ಮಳೆ ಅಂದಾಜಿಸುತ್ತದೆ. ನಂತರ ನೆಲದ ಮಳೆಮಾಪಕಗಳ ಅಂಕಿಯಿಂದ ತಿದ್ದುತ್ತದೆ. 1981ರಿಂದ ಇಂದಿನವರೆಗೆ, ಸುಮಾರು ಐದೂವರೆ ಕಿ.ಮೀ. ಚೌಕದಲ್ಲಿ, ಒಂದೇ ವಿಧಾನದಲ್ಲಿ ಸಿಗುವುದು ದೊಡ್ಡ ಲಾಭ. ಆದರೆ ಸಮುದ್ರದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿದಾಗ ಎತ್ತರವಲ್ಲದ, ಅಷ್ಟು ತಣ್ಣಗಿಲ್ಲದ ಮೋಡದಿಂದಲೂ ಜಡಿಮಳೆ ಬೀಳುತ್ತದೆ. ನಮ್ಮ ಸಹ್ಯಾದ್ರಿಯಲ್ಲಿ ಉಪಗ್ರಹದ ಮಳೆ ಕಡಿಮೆ ಬರುವುದು ಈ ಕಾರಣಕ್ಕೆ. ಮಹಾಬಳೇಶ್ವರದ ಮಳೆಯನ್ನು ಪುಣೆಯ ಕಚೇರಿಯಲ್ಲಿ ಕೂತು ಉಪಗ್ರಹದಿಂದ ಅಳೆದವರೆಲ್ಲ ಇದನ್ನು ಕಂಡಿರುತ್ತಾರೆ. ಹೈಟಿಯ ಮಾಸಿಫ್ ಡಿ ಲಾ ಹೋಟ್ ಬೆಟ್ಟಸಾಲಿನಲ್ಲೂ ಅದೇ ಪಾಡು. ನೆಲದಿಂದ ನಿಯಮಿತವಾಗಿ ಬರುವ ಮಾಪಕಗಳ ಅಂಕಿ ಅಲ್ಲಿ ತೀರ ಕಡಿಮೆಯಾದ್ದರಿಂದ ತಿದ್ದಲು ಆಧಾರವೂ ಸಾಲದು.

ಸಮಯದ ತೊಡಕು ಬೇರೆ. ತಾತ್ಕಾಲಿಕ ಚಿರ್ಪ್ಸ್ ಐದು ದಿನಗಳ ಕಂತು ಮುಗಿದ ಎರಡು ದಿನಕ್ಕೆ ಬರುತ್ತದೆ, ಅಂತಿಮ ಆವೃತ್ತಿ ಮುಂದಿನ ತಿಂಗಳ ಮೂರನೆಯ ವಾರದಲ್ಲಿ. ಹೈಟಿಯ ಬೋಳು ಗುಡ್ಡಗಳಲ್ಲಿ ನೀರು ಇಳಿಯಲು ಗಂಟೆಗಳು ಸಾಕು. 2004ರ ಸೆಪ್ಟೆಂಬರ್‌ನಲ್ಲಿ ಜೀನ್ ಚಂಡಮಾರುತ ಉತ್ತರ ತೀರದ ಬಳಿ ಸಾಗುವಾಗ ಹರಿಕೇನ್ ಮಟ್ಟದಲ್ಲೂ ಇರಲಿಲ್ಲ. ಆದರೂ ಮೇಲಿನ ಗುಡ್ಡಗಳ ನೀರು ಮಳೆ ನೆರಳಿನ ಗೊನಾಯಿವ್ ಪಟ್ಟಣಕ್ಕೆ ನುಗ್ಗಿ ಸುಮಾರು ಮೂರು ಸಾವಿರ ಜನ ಸತ್ತರು. 2008ರಲ್ಲಿ ಫೇ, ಗುಸ್ತಾವ್, ಹನ್ನಾ, ಐಕ್ ಒಂದೇ ತಿಂಗಳ ಒಳಗೆ ಒಂದರ ಹಿಂದೆ ಒಂದು ಬಂದವು. 2025ರ ಅಕ್ಟೋಬರ್ ಕೊನೆಯಲ್ಲಿ ಮೆಲಿಸ್ಸಾ ಅಪ್ಪಳಿಸಿದ್ದು ಜಮೈಕಾಕ್ಕೆ. ಅದರ ಹೊರಪಟ್ಟಿಯ ಮಳೆಗೆ ಹೈಟಿಯ ಪೆಟಿ ಗೊವಾವ್‌ನಲ್ಲಿ ಹೊಳೆ ಉಕ್ಕಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಹರಿಕೇನ್‌ನ ಒಂದರಿಂದ ಐದರ ದರ್ಜೆ ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ, ನೀರನ್ನಲ್ಲ. ಮುಂಬೈಯವರಿಗೆ ಇದು ಗೊತ್ತಿರುವ ಮಾತು: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಬಿದ್ದ 944 ಮಿ.ಮೀ. ಯಾವ ಚಂಡಮಾರುತದಿಂದಲೂ ಬಂದದ್ದಲ್ಲ.

ಆದ್ದರಿಂದ ಜೂನ್ 1ರಿಂದ ನವೆಂಬರ್ 30ರವರೆಗೆ, ಹರಿಕೇನ್ ಕಾಲದಲ್ಲಿ, ಫ್ಯೂಸ್‌ನೆಟ್ ಒಂದನ್ನೇ ನೆಚ್ಚಬೇಡಿ. ಜೊತೆಗೆ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರದ ಪ್ರಕಟಣೆ ಇಟ್ಟುಕೊಳ್ಳಿ. ಆ ಕಾಲದಲ್ಲಿ ಅದು ಬಹುಪಾಲು ನಮ್ಮ ಗಡಿಯಾರದ ಬೆಳಗಿನ 8:30, ಮಧ್ಯಾಹ್ನ 2:30, ರಾತ್ರಿ 8:30, ನಸುಕಿನ 2:30ಕ್ಕೆ ಬರುತ್ತದೆ. ಅದರಲ್ಲಿ ಗಾಳಿಗಿಂತ ಮೊದಲು ಚಂಡಮಾರುತ ಮುಂದೆ ಸಾಗುವ ವೇಗ ನೋಡಿ. ಹಳೆಯ ಒಂದು ಕೈಲೆಕ್ಕವಿದೆ: ನೂರನ್ನು ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಹೇಳಿದ ಆ ವೇಗದಿಂದ ಭಾಗಿಸಿದರೆ ಬೀಳಬಹುದಾದ ಗರಿಷ್ಠ ಮಳೆ ಇಂಚಿನಲ್ಲಿ ಸಿಗುತ್ತದೆ. 15 ನಾಟ್‌ನಲ್ಲಿ ಸಾಗಿದರೆ ಸುಮಾರು 170 ಮಿ.ಮೀ., 5 ನಾಟ್‌ಗೆ ಇಳಿದರೆ 500. ಬೆಟ್ಟದ ಮೇಲೆ ಇನ್ನೂ ಹೆಚ್ಚು. ಬಿದ್ದ ಮಳೆಗೆ ನಾಸಾದ ಐಮರ್ಗ್ ಎಂಬ ಉಪಗ್ರಹ ಮಳೆ ದತ್ತಾಂಶ ಅರ್ಧ ಗಂಟೆಯ ಕಂತಿನಲ್ಲಿ, ನಾಲ್ಕೈದು ಗಂಟೆ ತಡವಾಗಿ ಸಿಗುತ್ತದೆ. ಹೈಟಿಯ ಹವಾಮಾನ ಘಟಕ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆ ಹೊರಡಿಸುತ್ತದೆ. ಅಲ್ಲಿನ ಜನ ಕೇಳುವುದು ಅದನ್ನು.

ದತ್ತಾಂಶ ಇಳಿಸಿಕೊಂಡು ಸ್ವಂತ ಲೆಕ್ಕ ಮಾಡುವವರಿಗೆ ಎರಡು ಮಾತು. ಚಿರ್ಪ್ಸ್ ಎರಡನೆಯ ಆವೃತ್ತಿಯಲ್ಲಿ ಸಮುದ್ರದ ಚೌಕಗಳಿಗೆ, ಇಲ್ಲಿ ದತ್ತಾಂಶವಿಲ್ಲ ಎಂಬ ಗುರುತಾಗಿ, ಋಣ 9999 ತುಂಬಿರುತ್ತದೆ. ಅದನ್ನು ತೆಗೆಯದೆ ಜಿಲ್ಲೆಯ ಸರಾಸರಿ ತೆಗೆದರೆ, ಮೂರು ಕಡೆ ಕಡಲಿರುವ ಹೈಟಿಯಲ್ಲಿ ಮಳೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅಷ್ಟು ದೊಡ್ಡ ತಪ್ಪಾದರೆ ಕಣ್ಣಿಗೆ ಬೀಳುತ್ತದೆ. ದೊಡ್ಡ ಜಿಲ್ಲೆಯಲ್ಲಿ ಅಂಚಿನ ಒಂದೆರಡು ಚೌಕ ಮಾತ್ರ ಸೇರಿಕೊಂಡು, ತೂಕದ ಸರಾಸರಿಯಲ್ಲಿ ಅದರ ಪಾಲು ಸಣ್ಣದಾದರೆ ಸುಳ್ಳು ಬರ ಹುಟ್ಟುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಎರಡನೆಯದು, ಅರ್ಟಿಬೊನಿಟ್ ಕಣಿವೆಯ ಭತ್ತಕ್ಕೆ ಅರ್ಟಿಬೊನಿಟ್ ಜಿಲ್ಲೆಯ ಮಳೆ ನೋಡಿ ಪ್ರಯೋಜನವಿಲ್ಲ. ನದಿ ಹುಟ್ಟುವುದು ಡೊಮಿನಿಕನ್ ಗಣರಾಜ್ಯದಲ್ಲಿ. ನೀರು ನಿಲ್ಲುವುದು ಮಧ್ಯ ಜಿಲ್ಲೆಯಲ್ಲಿ, 1956ರಲ್ಲಿ ಮುಗಿದ ಪೆಲಿಗ್ರ್ ಅಣೆಕಟ್ಟಿನಲ್ಲಿ. ಹೂಳು ಅದರ ಸಾಮರ್ಥ್ಯದ ದೊಡ್ಡ ಪಾಲನ್ನು ತಿಂದಿದೆ. ಲೆಕ್ಕ ಹಾಕುವಾಗ ಜಿಲ್ಲೆಯ ಗಡಿ ಬಿಟ್ಟು ಜಲಾನಯನದ ಗಡಿ ಹಾಕಿ.

ನಾವು ಈ ಸೇವೆಯನ್ನು ಮೆಚ್ಚುವುದು ಮಳೆಗಿಂತ ಹೆಚ್ಚಾಗಿ ಮಳೆ ನಿಂತ ಮೇಲಿನ ಕಥೆಗೆ. ಹೈಟಿ 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇ. 35ರಿಂದ 3ಕ್ಕೆ ಇಳಿಸಿತು. ಇಂದು ತಿನ್ನುವ ಅಕ್ಕಿಯಲ್ಲಿ ಬಹುಪಾಲು ಹೊರಗಿನದು, ಹೆಚ್ಚಿನದು ಅಮೆರಿಕದ್ದು. ಹಳ್ಳಿಯವರೂ ಕೊಂಡು ತಿನ್ನುವವರೇ. ಹಾಗಾಗಿ ಊರಿನ ಹೊಲದಲ್ಲಿ ಬೆಳೆ ಚೆನ್ನಾಗಿದ್ದರೂ ಡಾಲರ್ ಏರಿದರೆ ತಟ್ಟೆ ಖಾಲಿ. ದಕ್ಷಿಣದ ಬಾಳೆ, ಕಾಳು ರಾಜಧಾನಿಗೆ ಹೋಗಬೇಕಾದ ರಸ್ತೆ ಮಾರ್ತಿಸ್ಸಾಂ ಬಳಿ 2021ರ ಜೂನ್‌ನಿಂದ ಸಶಸ್ತ್ರ ಗುಂಪುಗಳ ಹಿಡಿತದಲ್ಲಿದೆ. ಹಳ್ಳಿಯಿಂದ ಮಾಲು ಕೊಂಡು ಪಟ್ಟಣಕ್ಕೆ ಸಾಗಿಸುವ ಹೆಂಗಸರಿಗೆ ಅಲ್ಲಿ ಮದಾನ್ ಸಾರಾ ಎನ್ನುತ್ತಾರೆ. ದಾರಿಯುದ್ದಕ್ಕೂ ಅವರು ಕೊಡುವ ಹಫ್ತಾ ಕಾಳಿನ ಬೆಲೆಗೆ ಸೇರುತ್ತದೆ, ಬೆಳೆದವನಿಗೆ ಕಡಿಮೆ ಸಿಗುತ್ತದೆ, ಕೊಳ್ಳುವವನಿಗೆ ದುಬಾರಿಯಾಗುತ್ತದೆ. ಮಳೆ ವಾಡಿಕೆಯಷ್ಟೇ ಆದ ವರ್ಷದಲ್ಲೂ ನಕ್ಷೆ ಕೆಂಪಾಗುವುದು ಹೀಗೆ. ಈ ಕೊಂಡಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ, ಇಂಥ ಊಹೆ ಇಟ್ಟುಕೊಂಡು ಇಂಥ ತೀರ್ಮಾನಕ್ಕೆ ಬಂದಿದ್ದೇವೆ ಎಂದು ಫ್ಯೂಸ್‌ನೆಟ್ ಬರೆದು ಕೊಡುತ್ತದೆ. ಊಹೆ ತಪ್ಪಿದರೆ ಯಾವುದು ತಪ್ಪಿತು ಎಂದು ಓದುಗನೇ ಹುಡುಕಬಹುದು. ಇಷ್ಟು ಪ್ರಾಮಾಣಿಕವಾಗಿ ಲೆಕ್ಕ ಬಿಚ್ಚಿಡುವ ಸೇವೆ ಅಪರೂಪ.

ಬೆಲೆಪಟ್ಟಿ ಓದುವಾಗ ಅಳತೆ ಗಮನಿಸಿ. ಹೈಟಿಯ ಸಂತೆಯಲ್ಲಿ ಧಾನ್ಯ ಅಳೆಯುವುದು ಮಾರ್ಮಿಟ್ ಎಂಬ ಡಬ್ಬಿಯಲ್ಲಿ. ಸಿಎನ್‌ಎಸ್‌ಎ ಅದನ್ನು ಆರು ಪೌಂಡ್, ಅಂದರೆ ಸುಮಾರು 2.7 ಕಿಲೋ ಎಂದು ಹಿಡಿಯುತ್ತದೆ. ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನ ಕಿಲೋ ದರದ ಪಕ್ಕದಲ್ಲಿ ಇಡುವ ಮೊದಲು ಭಾಗಿಸಿಕೊಳ್ಳಿ.

ನಮ್ಮ ಹವಾಮಾನ ಇಲಾಖೆಯ ಕೃಷಿ ಸೇವೆಯೊಂದಿಗೆ ಹೋಲಿಸುವವರಿದ್ದಾರೆ. ಎರಡರ ಕೆಲಸ ಬೇರೆ. ಪುಣೆಯ ಕೃಷಿ ಹವಾಮಾನ ವಿಭಾಗ 1932ರಿಂದ ಇದೆ. ಗ್ರಾಮೀಣ ಕೃಷಿ ಮೌಸಮ್ ಸೇವೆಯ ಪ್ರಕಟಣೆ ಮಂಗಳವಾರ ಮತ್ತು ಶುಕ್ರವಾರ, ಆಯಾ ಭಾಷೆಯಲ್ಲಿ, ಈಗ ಔಷಧಿ ಹೊಡೆಯಬೇಡಿ, ನಾಳೆ ಗೊಬ್ಬರ ಹಾಕಿ ಎಂದು ರೈತನಿಗೇ ಹೇಳುತ್ತದೆ. ಫ್ಯೂಸ್‌ನೆಟ್ ರೈತನಿಗೆ ಏನೂ ಹೇಳುವುದಿಲ್ಲ. ಅಕ್ಕಿ ಎಲ್ಲಿಗೆ, ಯಾವ ತಿಂಗಳು ಕಳಿಸಬೇಕೆಂದು ನಿರ್ಧರಿಸುವವರಿಗಾಗಿ ಬರೆಯುತ್ತದೆ. ಇಂಗ್ಲಿಷ್, ಫ್ರೆಂಚ್ ಬಿಟ್ಟರೆ ಹೈಟಿಯ ಬಹುಜನರ ಕ್ರಿಯೋಲ್‌ನಲ್ಲಿ ವರದಿ ಇಲ್ಲ. ಇದು ಸಣ್ಣ ಕೊರತೆಯಲ್ಲ, ಯಾರ ಹಸಿವಿನ ಬಗ್ಗೆ ಬರೆಯಲಾಗಿದೆಯೋ ಅವರು ಅದನ್ನು ಓದಲಾರರು.

ನಮ್ಮ ಅಂಕ: ಬರ, ಮಳೆಯ ತಡ, ಬೆಲೆಯ ವಿಶ್ಲೇಷಣೆಗೆ ಐದಕ್ಕೆ ನಾಲ್ಕೂವರೆ, ನೆರೆಗೆ ಎರಡು. ಪರಿಹಾರ ಸಾಮಗ್ರಿ ಸಾಗಿಸುವವರು ಇದನ್ನು ಹಿನ್ನೆಲೆಗೆ ಓದಲಿ, ಇಂದು ರಾತ್ರಿಯ ತೀರ್ಮಾನಕ್ಕಲ್ಲ. ಎಲ್ ನಿನೊ ವರ್ಷದಲ್ಲಿ ಇದರ ಬೆಲೆ ಇನ್ನೂ ಹೆಚ್ಚು: ಆಗ ಅಟ್ಲಾಂಟಿಕ್‌ನಲ್ಲಿ ಹರಿಕೇನ್ ಕಡಿಮೆಯಾಗುವ ಒಲವಿರುತ್ತದೆ, ಕೆರಿಬಿಯನ್ ಒಣಗುತ್ತದೆ. 2015ರಲ್ಲಿ ಅಲ್ಲೂ ಬರ, ಮರಾಠವಾಡ ಮತ್ತು ಉತ್ತರ ಕರ್ನಾಟಕದಲ್ಲೂ ಬರ. ಅಂಥ ವರ್ಷ ಏಪ್ರಿಲ್ 10ರ ನಂತರ ಹತ್ತು ದಿನಕ್ಕೊಮ್ಮೆ ತೆರೆದು ನೋಡಿದರೆ ಬಿತ್ತನೆ ತಪ್ಪಿದ್ದು ಮೇ ಮೊದಲ ವಾರಕ್ಕೆ ಸ್ಪಷ್ಟವಾಗುತ್ತದೆ. ಕೊಯ್ಲಿನ ಅಂಕಿ ಬರುವುದು ಅದಾಗಿ ಎಷ್ಟೋ ತಿಂಗಳ ಮೇಲೆ.

ಹಣ ಕೊಡಬೇಕಿಲ್ಲ, ಹೆಸರು ನೋಂದಾಯಿಸದೆಯೂ ವರದಿ ಇಳಿಸಿಕೊಳ್ಳಬಹುದು. ಇಳಿಸಿಕೊಂಡೇ ಇಟ್ಟುಕೊಳ್ಳಿ ಎಂಬುದು ನಮ್ಮ ಸಲಹೆ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವನ್ನು ತಡೆಹಿಡಿದಾಗ ಫ್ಯೂಸ್‌ನೆಟ್ ಜಾಲತಾಣವೇ ಮುಚ್ಚಿತು, ಕೆಲವು ತಿಂಗಳ ನಂತರ ಮತ್ತೆ ತೆರೆಯಿತು. ಹೈಟಿಯ ಹಳೆಯ ಮುನ್ನೋಟಗಳು, ವಲಯಗಳ ನಕ್ಷೆ, ಬೆಲೆಪಟ್ಟಿ, ಈ ಮೂರು ಕೈಯಲ್ಲಿದ್ದರೆ ಮಳೆಯ ದತ್ತಾಂಶ ಬೇರೆ ಕಡೆಯಿಂದ ತಂದಾದರೂ ಕೆಲಸ ಮುಂದುವರಿಸಬಹುದು.